ಕಾಂಡಕೋಶ ಚಿಕಿತ್ಸೆಯ ಪರೀಕ್ಷೆಗಳಲ್ಲಿ ಹುಸಿ ಶಸ್ತ್ರಕ್ರಿಯೆ: ಒಂದು ನೈತಿಕ ವಿವೇಚನೆ

೧

೧೯೯೦ರ ದಶಕದಲ್ಲಿ ಅಮೆರಿಕ ದೇಶದ ಡೆನ್ವರ್ ನಗರದಲ್ಲಿ, ಪಾರ್ಕಿನ್ಸನ್ ರೋಗದಿಂದ ಬಹುಕಾಲ ನರಳಿದ್ದ ೪೦ ಮಂದಿ ಒಬ್ಬರಾದ ಮೇಲೊಬ್ಬರು ಶಸ್ತ್ರಕ್ರಿಯೆಗೆ ಒಳಗಾದರು. ೪೦ ಮಂದಿಯ ತಲೆಬುರುಡೆಯಲ್ಲಿಯೂ ರಂಧ್ರಗಳನ್ನು ಕೊರೆಯಲಾಯಿತು. ಅವರಲ್ಲಿ ೨೦ ಮಂದಿಯ ಮೆದುಳಿಗೆ ಭ್ರೂಣದಿಂದ ಪಡೆದ ನರಕೋಶಗಳನ್ನು ಸೇರಿಸಿದರು. ಉಳಿದ ೨೦ ಮಂದಿಗೆ ರಂಧ್ರವನ್ನು ಕೊರೆದರೇ ಹೊರತು ಮೆದುಳಿನ ಹೊದಿಕೆಯನ್ನು ಚುಚ್ಚಲಿಲ್ಲ, ಒಳಕ್ಕೆ ಏನನ್ನೂ ಸೇರಿಸಲಿಲ್ಲ. ತನಗೆ ದೊರೆತುದು ಯಾವುದೆಂಬುದು ಒಂದು ವರ್ಷದವರೆಗೆ ರೋಗಿಗೂ ತಿಳಿಯದು. ರೋಗಿಯನ್ನು ಪರೀಕ್ಷಿಸಿ ಗುಣಾವಗುಣಗಳನ್ನು ಬರೆದಿಡುವ ವೈದ್ಯನಿಗೂ ತಿಳಿಯದು. ಹೀಗೆ ಆಗಬಹುದೆಂದು ತಿಳಿದೇ ಆ ರೋಗಿಗಳು ಒಪ್ಪಿಗೆಯನ್ನು ಕೊಟ್ಟಿದ್ದರು.

ವೈದ್ಯನು ರೋಗಿಯ ದೇಹಕ್ಕೆ ಗಾಯ ಮಾಡುವುದು ರೋಗಿಯ ಹಿತಕ್ಕಾಗಿ ಮಾತ್ರ ಎಂಬುದು ನಾವೆಲ್ಲರೂ ನಂಬಿರುವ ಮಾತು. ಮೇಲಿನ ೨೦ ಮಂದಿಗಾದ ಗಾಯವು ಅವರ ಹಿತಕ್ಕಾಗಿ ಆದುದಲ್ಲ. ಉಳಿದವರಿಗೆ ಆದ ಉಪಕಾರವನ್ನು ಅಳೆಯುವುದಕ್ಕಾಗಿ ಆದುದು. ಇದು ಧರ್ಮವೆ? ಧರ್ಮವಲ್ಲವಾದರೆ, ಹೊಸ ಚಿಕಿತ್ಸೆಯೊಂದು ನಿಜವಾಗಿ ಫಲ ಕೊಡುವುದೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು? ನೀತಿಶಾಸ್ತ್ರದ ಅಭ್ಯಾಸಿಗಳಾದ ನಾವು ಈ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ಸ್ಥೂಲವಾಗಿ ವಿವೇಚಿಸಲು ಯತ್ನಿಸಿದ್ದೇವೆ. ಭ್ರೂಣದ ನರಕೋಶಗಳು ಕಟ್ಟುನಿಟ್ಟಾದ ಅರ್ಥದಲ್ಲಿ ಕಾಂಡಕೋಶಗಳಲ್ಲವಾದರೂ, ಇಂದು ಕಾಂಡಕೋಶಗಳಿಂದ ನಡೆಯುತ್ತಿರುವ ಚಿಕಿತ್ಸಾಪ್ರಯತ್ನಗಳು ಆ ಪ್ರಯೋಗಗಳ ನೇರ ಮುಂದುವರಿಕೆಯೇ ಆಗಿರುವುದರಿಂದ ವಿವೇಚನೆಯನ್ನು ಅಲ್ಲಿಂದಲೇ ಆರಂಭಿಸಿದ್ದೇವೆ.

೨

ಮೊದಲು ಕೆಲವು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ದೇಹದ ಬಹುಪಾಲು ಜೀವಕೋಶಗಳು ಒಂದೊಂದು ಕೆಲಸಕ್ಕೆ ಮೀಸಲಾದವು. ಚರ್ಮದ ಕೋಶವು ಚರ್ಮವಾಗಿಯೇ ಇರುತ್ತದೆ. ನರದ ಕೋಶವು ನರವಾಗಿಯೇ ಇರುತ್ತದೆ. ಹೀಗೆ ಮೀಸಲಾಗದೆ, ತನ್ನನ್ನು ತಾನೇ ವೃದ್ಧಿಪಡಿಸಿಕೊಳ್ಳುತ್ತ, ಬೇರೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡುವ ಶಕ್ತಿಯುಳ್ಳ ಕೋಶಕ್ಕೆ ಕಾಂಡಕೋಶವೆಂದು ಹೆಸರು. ಮೂಳೆಯ ಮಜ್ಜೆಯಲ್ಲಿರುವ ಕಾಂಡಕೋಶಗಳಿಂದ ರಕ್ತದ ಕಣಗಳೆಲ್ಲವೂ ಹುಟ್ಟುತ್ತವೆ. ರಕ್ತದ ಕ್ಯಾನ್ಸರ್ ಮುಂತಾದ ರೋಗಗಳಲ್ಲಿ ಇವುಗಳನ್ನು ಒಬ್ಬರಿಂದ ಪಡೆದು ಮತ್ತೊಬ್ಬರಿಗೆ ಸೇರಿಸುವ ಕ್ರಮ ದಶಕಗಳಿಂದ ಸ್ಥಿರಪಟ್ಟಿದೆ. ಅದು ಈ ಲೇಖನದ ವಿಷಯವಲ್ಲ. ಮೆದುಳು, ಹೃದಯ, ಕೀಲು, ಕಣ್ಣು ಮೊದಲಾದ ಅಂಗಗಳ ರೋಗಗಳಿಗೆ ಇಂಥ ಕೋಶಗಳಿಂದ ಪರಿಹಾರ ದೊರೆತೀತೆ ಎಂಬ, ಇನ್ನೂ ಪರೀಕ್ಷೆಯ ಹಂತದಲ್ಲಿರುವ ಪ್ರಯತ್ನಗಳೇ ಇಲ್ಲಿ ನಮ್ಮ ವಿಷಯ.

ಚಿಕಿತ್ಸೆಯ ಯೋಗ್ಯತೆಯನ್ನು ಅಳೆಯಬೇಕಾದರೆ ಅದನ್ನು ಪಡೆದವರನ್ನು ಪಡೆಯದವರೊಡನೆ ಹೋಲಿಸಬೇಕು. ಪಡೆಯದವರ ಈ ಗುಂಪಿಗೆ ನಿಯಂತ್ರಣ ಗುಂಪು ಎನ್ನುವರು. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡುವುದು ವಾಡಿಕೆ. ಹಾಗಿಲ್ಲದಿದ್ದರೆ ವೈದ್ಯನು ತನಗರಿವಿಲ್ಲದಂತೆಯೇ ಗುಣವಾಗುವ ಲಕ್ಷಣವುಳ್ಳವರನ್ನು ಒಂದು ಕಡೆಗೆ ಸೇರಿಸಿಬಿಡಬಹುದು. ನಿಯಂತ್ರಣ ಗುಂಪಿನವರಿಗೆ ಮದ್ದಿನಂತೆ ಕಾಣುವ, ಆದರೆ ಮದ್ದಿನ ಗುಣವಿಲ್ಲದ ವಸ್ತುವನ್ನು ಕೊಟ್ಟರೆ ಅದು ಪ್ಲಸೀಬೊ. ಲ್ಯಾಟಿನ್ ಭಾಷೆಯಲ್ಲಿ ಈ ಮಾತಿಗೆ ‘ನಾನು ಮೆಚ್ಚಿಸುವೆನು’ ಎಂದು ಅರ್ಥ. ನಾವು ಇದನ್ನು ಹುಸಿಮದ್ದು ಎಂದು ಕರೆಯೋಣ. ಮದ್ದಿನ ಬದಲು ಶಸ್ತ್ರವೇ ಪರೀಕ್ಷೆಗೆ ಒಳಗಾದಾಗ ಅದರ ಅನುಕರಣೆಯು ಹುಸಿ ಶಸ್ತ್ರಕ್ರಿಯೆ.

ಹುಸಿಮದ್ದಿನ ಅಗತ್ಯವೇನು? ನಮ್ಮ ಜನ ವೈದ್ಯರ ವಿಷಯದಲ್ಲಿ ‘ಕೈಗುಣ’ ಎಂಬ ಮಾತನ್ನು ಆಡುತ್ತಾರೆ. ಒಂದೇ ಮದ್ದು, ಒಬ್ಬರು ಕೊಟ್ಟರೆ ಗುಣ, ಮತ್ತೊಬ್ಬರು ಕೊಟ್ಟರೆ ಇಲ್ಲ. ಮದ್ದಿನಲ್ಲಿರುವ ಗುಣ ಬೇರೆ, ಅದನ್ನು ಕೊಡುವ ಸನ್ನಿವೇಶದಿಂದ ಹುಟ್ಟುವ ಗುಣ ಬೇರೆ ಎಂಬ ತಿಳಿವಳಿಕೆ ಈ ಮಾತಿನಲ್ಲಿ ಅಡಗಿದೆ. ಎರಡನೆಯದು ಸುಳ್ಳೇನೂ ಅಲ್ಲ. ರೋಗಿಗೆ ಆಗುವ ಹಿತವು ನಿಜವೇ. ಆದರೆ ಮೊದಲನೆಯದನ್ನು ಅಳೆಯಬೇಕೆನ್ನುವವನು ಎರಡನೆಯದನ್ನು ಎರಡು ಗುಂಪಿಗೂ ಸಮನಾಗಿ ಹಂಚಬೇಕಾಗುತ್ತದೆ. ಹುಸಿಮದ್ದು ಮಾಡುವ ಕೆಲಸ ಇಷ್ಟೆ.

೩

ಶಸ್ತ್ರಕ್ಕೂ ಇಂಥ ಕೈಗುಣ ಉಂಟೆಂಬುದು ಸ್ಪಷ್ಟವಾದುದು ಹೃದಯರೋಗದ ಪ್ರಸಂಗವೊಂದರಿಂದ. ೧೯೫೦ರ ದಶಕದಲ್ಲಿ, ಹೃದಯಕ್ಕೆ ರಕ್ತ ಸಾಲದೆ ಎದೆನೋವು ಬರುವವರಿಗೆ ಎದೆಯ ಒಳಭಾಗದ ಒಂದು ರಕ್ತನಾಳವನ್ನು ಕಟ್ಟಿಬಿಡುವ ಚಿಕಿತ್ಸೆ ಬಳಕೆಗೆ ಬಂದಿತು. ಆ ನಾಳವನ್ನು ಕಟ್ಟಿದರೆ ರಕ್ತವು ಹೃದಯದ ಕಡೆಗೆ ಹೆಚ್ಚಾಗಿ ಹರಿಯುವುದೆಂಬ ಊಹೆ ಅದಕ್ಕೆ ಆಧಾರ. ನೋವು ಕಡಮೆಯಾಯಿತೆಂದು ಅನೇಕರು ಹೇಳಿದರು. ೧೯೫೯ರಲ್ಲಿ ಲಿಯೊನಾರ್ಡ್ ಕಾಬ್ ಮತ್ತು ಸಂಗಡಿಗರು ೧೭ ಮಂದಿ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಎಲ್ಲರ ಎದೆಯ ಚರ್ಮವನ್ನೂ ಕೊಯ್ದು, ಕೆಲವರ ನಾಳವನ್ನು ಮಾತ್ರ ಕಟ್ಟಿ, ಉಳಿದವರದನ್ನು ಕಟ್ಟದೆ ಬಿಟ್ಟಿದ್ದರು. ನಾಳವನ್ನು ಕಟ್ಟಿಸಿಕೊಂಡವರಿಗೆ ಎಷ್ಟು ಗುಣ ಕಂಡಿತೋ ಕಟ್ಟಿಸಿಕೊಳ್ಳದವರಿಗೂ ಅಷ್ಟೇ ಗುಣ ಕಂಡಿತು. ಮರುವರ್ಷ ಗ್ರೇ ಡೈಮಂಡ್ ಮತ್ತು ಸಂಗಡಿಗರು ೧೮ ಮಂದಿಯ ಮೇಲೆ ನಡೆಸಿದ ಪರೀಕ್ಷೆಯಿಂದಲೂ ಇದೇ ಫಲ ಬಂದಿತು. ಆ ಶಸ್ತ್ರಕ್ರಿಯೆ ಬಳಕೆಯಿಂದ ಬಿದ್ದುಹೋಯಿತು.

ಈ ಪ್ರಸಂಗದಿಂದ ಎರಡು ಪಾಠಗಳನ್ನು ಕಲಿಯಬಹುದು. ಬೆರಳೆಣಿಕೆಯ ರೋಗಿಗಳಿಗೆ ಆದ ಸಣ್ಣ ಗಾಯವು ಮುಂದೆ ಎಷ್ಟೋ ಮಂದಿಗೆ ಆಗಬಹುದಾಗಿದ್ದ ನಿರರ್ಥಕವಾದ ಗಾಯವನ್ನು ತಪ್ಪಿಸಿತು ಎಂಬುದು ಮೊದಲನೆಯದು. ಎರಡನೆಯದು ಅಷ್ಟು ಸಮಾಧಾನಕರವಲ್ಲ. ಕಾಬ್ ಅವರ ರೋಗಿಗಳಿಗೆ, ಈ ಶಸ್ತ್ರಕ್ರಿಯೆಯ ಬೆಲೆಯನ್ನು ಕಂಡುಕೊಳ್ಳುವ ಅಧ್ಯಯನದಲ್ಲಿ ತಾವು ಸೇರಿದ್ದೇವೆಂದು ತಿಳಿದಿತ್ತು. ಆದರೆ ತಮ್ಮಲ್ಲಿ ಕೆಲವರಿಗೆ ಹುಸಿ ಶಸ್ತ್ರಕ್ರಿಯೆ ನಡೆಯುವುದೆಂಬುದನ್ನು ಅವರಿಗೆ ತಿಳಿಸಿರಲಿಲ್ಲ. ಸತ್ಯವನ್ನು ಕಂಡುಕೊಳ್ಳಲು ಸತ್ಯವನ್ನು ಮರೆಮಾಡಿದ ಪರೀಕ್ಷೆ ಅದು. ೧೯೬೪ರಲ್ಲಿ ವಿಶ್ವ ವೈದ್ಯಕೀಯ ಸಂಘವು ಹೆಲ್ಸಿಂಕಿಯಲ್ಲಿ ಘೋಷಿಸಿದ ನೀತಿಸೂತ್ರಗಳೂ ಅವುಗಳ ಮುಂದಿನ ಪರಿಷ್ಕರಣಗಳೂ ಇಂಥ ಮರೆಮಾಚುವಿಕೆಗೆ ಎಡೆಯಿಲ್ಲದಂತೆ ಮಾಡಿವೆ.

೪

ಈಗ ಪಾರ್ಕಿನ್ಸನ್ ರೋಗಕ್ಕೆ ಮರಳೋಣ. ಮೆದುಳಿನ ಒಂದು ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ನಾಶವಾಗುತ್ತ ಹೋಗುವುದು ಈ ರೋಗದ ಮೂಲ. ಕೈನಡುಕ, ಮೈಬಿಗಿತ, ನಡೆಯಲಾಗದ ಸ್ಥಿತಿ ಕ್ರಮಕ್ರಮವಾಗಿ ಬರುತ್ತವೆ. ಲೆವೊಡೋಪ ಎಂಬ ಮದ್ದು ಮೊದಲು ಚೆನ್ನಾಗಿ ಕೆಲಸ ಮಾಡುತ್ತದೆ. ವರ್ಷಗಳು ಕಳೆದಂತೆ ಅದರ ಗುಣ ಏರುಪೇರಾಗುತ್ತದೆ. ನಾಶವಾದ ಕೋಶಗಳ ಸ್ಥಾನದಲ್ಲಿ ಹೊಸ ಕೋಶಗಳನ್ನು ನೆಟ್ಟರೆ ಹೇಗೆ ಎಂಬ ಆಲೋಚನೆ ಸಹಜವಾದುದೇ. ೧೯೮೭ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಭ್ರೂಣದ ನರಕೋಶಗಳನ್ನು ರೋಗಿಗಳಿಗೆ ಸೇರಿಸುವ ಪ್ರಯತ್ನ ಆರಂಭವಾಯಿತು. ಕೆಲವರಲ್ಲಿ ಗಣನೀಯವಾದ ಸುಧಾರಣೆ ಕಂಡುಬಂದಿತು. ಆದರೆ ಈ ವರದಿಗಳಲ್ಲಿ ನಿಯಂತ್ರಣ ಗುಂಪು ಇರಲಿಲ್ಲ. ಚಿಕಿತ್ಸೆ ನಡೆದುದು ಎಲ್ಲರಿಗೂ ತಿಳಿದಿತ್ತು.

ಅಮೆರಿಕದಲ್ಲಿ ಇಂಥ ಸಂಶೋಧನೆಗೆ ಸರ್ಕಾರದ ಹಣವನ್ನು ಬಳಸಬಾರದೆಂದಿದ್ದ ನಿರ್ಬಂಧ ೧೯೯೩ರಲ್ಲಿ ತೆರವಾಯಿತು. ಅದರ ತರುವಾಯ ನಡೆದುದೇ ನಾವು ಆರಂಭದಲ್ಲಿ ಹೇಳಿದ ಪರೀಕ್ಷೆ. ಕರ್ಟ್ ಫ್ರೀಡ್ ಮತ್ತು ಸಂಗಡಿಗರು ೨೦೦೧ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಒಂದು ವರ್ಷದ ಬಳಿಕ ರೋಗಿಗಳು ತಮ್ಮ ಸ್ಥಿತಿಯ ಬಗೆಗೆ ತಾವೇ ಕೊಟ್ಟ ಅಂಕಗಳಲ್ಲಿ ಎರಡು ಗುಂಪುಗಳಿಗೂ ಹೇಳತಕ್ಕ ವ್ಯತ್ಯಾಸ ಕಾಣಲಿಲ್ಲ. ವೈದ್ಯರು ಅಳೆದ ಚಲನಶಕ್ತಿಯಲ್ಲಿ ೬೦ ವರ್ಷ ಮತ್ತು ಅದಕ್ಕಿಂತ ಕಡಮೆ ವಯಸ್ಸಿನವರಿಗೆ ಮಾತ್ರ ಪ್ರಯೋಜನ ಕಂಡಿತು. ಅನಂತರದ ವರ್ಷಗಳಲ್ಲಿ, ಕೋಶಗಳನ್ನು ಪಡೆದವರಲ್ಲಿ ಶೇಕಡ ೧೫ ಮಂದಿಗೆ, ಮದ್ದನ್ನು ಕಡಮೆ ಮಾಡಿದರೂ ನಿಲ್ಲದ ಅಂಗಾಂಗಗಳ ಅನೈಚ್ಛಿಕ ಚಲನೆ ತಲೆದೋರಿತು. ೨೦೦೩ರಲ್ಲಿ ಪ್ರಕಟವಾದ, ೩೪ ಮಂದಿಯನ್ನೊಳಗೊಂಡ ಮತ್ತೊಂದು ಪರೀಕ್ಷೆಯಲ್ಲಿಯೂ ಒಟ್ಟಾರೆ ಪ್ರಯೋಜನ ಸಿದ್ಧಪಡಲಿಲ್ಲ. ಅಲ್ಲಿ ಕೋಶಗಳನ್ನು ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಅನೈಚ್ಛಿಕ ಚಲನೆ ಕಾಣಿಸಿತು.

ಇದಕ್ಕಿಂತ ವಿಚಾರಯೋಗ್ಯವಾದ ಸಂಗತಿ ಹೊರಬಂದುದು ೨೦೦೪ರಲ್ಲಿ. ಡೆನ್ವರಿನ ೪೦ ಮಂದಿಯಲ್ಲಿ ೩೦ ಮಂದಿಯನ್ನು ಅವರ ಬಾಳಿನ ಹಿತಾಹಿತಗಳ ವಿಷಯದಲ್ಲಿ ಪ್ರತ್ಯೇಕವಾಗಿ ಪ್ರಶ್ನಿಸಲಾಗಿತ್ತು. ಯಾರು ತಮಗೆ ಕೋಶಗಳು ದೊರೆತಿವೆಯೆಂದು ನಂಬಿದ್ದರೋ ಅವರ ಬಾಳು ಹೆಚ್ಚು ಸುಧಾರಿಸಿದ್ದಿತು; ನಿಜವಾಗಿ ದೊರೆತಿದ್ದುದು ಏನು ಎಂಬುದಕ್ಕಿಂತ ಏನು ದೊರೆತಿದೆಯೆಂದು ನಂಬಿದ್ದರು ಎಂಬುದೇ ಹೆಚ್ಚು ಪ್ರಬಲವಾಗಿತ್ತು. ಇದಕ್ಕೆ ದೈಹಿಕವಾದ ಕಾರಣವೂ ಉಂಟು. ೨೦೦೧ರಲ್ಲಿಯೇ ಕೆನಡದ ವ್ಯಾಂಕೂವರಿನ ಸಂಶೋಧಕರು, ಪಾರ್ಕಿನ್ಸನ್ ರೋಗಿಗಳಿಗೆ ಹುಸಿಮದ್ದನ್ನು ಚುಚ್ಚಿದಾಗ ಅವರ ಮೆದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುವುದನ್ನು ತೋರಿಸಿಕೊಟ್ಟಿದ್ದರು. ಗುಣವಾದೀತೆಂಬ ನಿರೀಕ್ಷೆಯು, ಯಾವ ರಾಸಾಯನಿಕದ ಕೊರತೆಯಿಂದ ರೋಗ ಬಂದಿದೆಯೋ ಅದನ್ನೇ ಒಂದಿಷ್ಟು ಒದಗಿಸಿಕೊಡುತ್ತದೆ. ಹೀಗಿರುವಾಗ, ಹುಸಿ ಶಸ್ತ್ರಕ್ರಿಯೆಯೊಡನೆ ಹೋಲಿಸದೆ ಈ ರೋಗದಲ್ಲಿ ಕೋಶಚಿಕಿತ್ಸೆಯ ಫಲವನ್ನು ನಿರ್ಣಯಿಸುವುದು ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಣ್ಣಿನ ಹಿಂಪದರದಿಂದ ಪಡೆದ ಕೋಶಗಳನ್ನು ಇದೇ ರೋಗಕ್ಕೆ ಬಳಸಿದ ಪ್ರಯತ್ನವನ್ನೂ ಇಲ್ಲಿ ಸ್ಮರಿಸಬಹುದು. ಮೊದಲು ೬ ಮಂದಿಗೆ ಬಹಿರಂಗವಾಗಿ ಕೊಟ್ಟಾಗ ಎಲ್ಲರಲ್ಲಿಯೂ ಸುಧಾರಣೆ ಕಂಡಿತು. ೭೧ ಮಂದಿಯಲ್ಲಿ ಹುಸಿ ಶಸ್ತ್ರಕ್ರಿಯೆಯೊಡನೆ ಹೋಲಿಸಿ ನೋಡಿದಾಗ, ೨೦೧೧ರಲ್ಲಿ ಪ್ರಕಟವಾದಂತೆ, ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ.

೫

ಹುಸಿ ಶಸ್ತ್ರಕ್ರಿಯೆಗೆ ಬಂದಿರುವ ಆಕ್ಷೇಪಗಳು ಸಾಮಾನ್ಯವಾದವುಗಳಲ್ಲ. ೧೯೯೯ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದರ ಒಂದೇ ಸಂಚಿಕೆಯಲ್ಲಿ ಎರಡು ಪಕ್ಷಗಳೂ ಎದುರುಬದುರಾಗಿ ನಿಂತವು. ಥಾಮಸ್ ಫ್ರೀಮನ್ ಮತ್ತು ಸಂಗಡಿಗರು ಹುಸಿ ಶಸ್ತ್ರಕ್ರಿಯೆಯನ್ನು ಸಮರ್ಥಿಸಿದರೆ, ನೀತಿಶಾಸ್ತ್ರಜ್ಞೆ ರೂತ್ ಮ್ಯಾಕ್ಲಿನ್ ಅದನ್ನು ವಿರೋಧಿಸಿದರು. ಮದ್ದಿನ ಪರೀಕ್ಷೆಯಲ್ಲಿ ಹುಸಿಮದ್ದಿನಿಂದ ಕೇಡಾಗದು. ಅದು ಸಕ್ಕರೆಯ ಗುಳಿಗೆ. ಹುಸಿ ಶಸ್ತ್ರಕ್ರಿಯೆ ಹಾಗಲ್ಲ. ಮಂಪರಿನ ಮದ್ದು, ತಲೆಬುರುಡೆಯ ಗಾಯ, ಸೋಂಕಿನ ಭಯ ಇವೆಲ್ಲವೂ ಅದರಲ್ಲಿ ಉಂಟು. ೨೦೦೩ರ ಪರೀಕ್ಷೆಯಲ್ಲಂತೂ, ನೆಟ್ಟ ಕೋಶಗಳನ್ನು ದೇಹವು ತಿರಸ್ಕರಿಸದಂತೆ ಕೊಡುವ ಸೈಕ್ಲೊಸ್ಪೊರಿನ್ ಎಂಬ ಮದ್ದನ್ನು, ನೆಡಲು ಕೋಶಗಳೇ ಇಲ್ಲದಿದ್ದವರಿಗೂ ಆರು ತಿಂಗಳ ಕಾಲ ಕೊಡಲಾಯಿತು. ಸಂಶೋಧನೆಯ ನಿಖರತೆ ಮತ್ತು ರೋಗಿಗಳಿಗೆ ಆಗುವ ಕೇಡನ್ನು ಆದಷ್ಟು ಕುಗ್ಗಿಸಬೇಕೆಂಬ ನಿಯಮ, ಈ ಎರಡರ ನಡುವೆ ಇಲ್ಲಿ ನೇರವಾದ ಘರ್ಷಣೆ ಇದೆಯೆಂಬುದು ವಿರೋಧಪಕ್ಷದ ವಾದದ ತಿರುಳು.

ಸಮರ್ಥಕರ ಉತ್ತರವೂ ಹಗುರವಾದುದಲ್ಲ. ೧೯೮೭ರಲ್ಲಿ ಬೆಂಜಮಿನ್ ಫ್ರೀಡ್‌ಮನ್ ಮಂಡಿಸಿದ ಒಂದು ತತ್ತ್ವವನ್ನು ಅವರು ಆಧಾರವಾಗಿ ಹಿಡಿಯಬಹುದು. ಎರಡು ಮಾರ್ಗಗಳಲ್ಲಿ ಯಾವುದು ಮೇಲೆಂಬ ವಿಷಯದಲ್ಲಿ ತಜ್ಞರ ಸಮುದಾಯದಲ್ಲಿಯೇ ಪ್ರಾಮಾಣಿಕವಾದ ಭಿನ್ನಾಭಿಪ್ರಾಯವಿದ್ದಾಗ, ರೋಗಿಯನ್ನು ಎರಡರಲ್ಲಿ ಒಂದಕ್ಕೆ ಚೀಟಿಯ ಮೂಲಕ ಸೇರಿಸುವುದರಿಂದ ಅನ್ಯಾಯವಾಗುವುದಿಲ್ಲ ಎಂಬುದೇ ಆ ತತ್ತ್ವ. ಡೆನ್ವರಿನಲ್ಲಿ ನಡೆದುದನ್ನೇ ನೋಡೋಣ. ಹುಸಿ ಶಸ್ತ್ರಕ್ರಿಯೆಗೆ ಒಳಗಾದ ೨೦ ಮಂದಿ ಚಿಕಿತ್ಸೆಯಿಂದ ವಂಚಿತರಾದವರೆಂದು ಆಗ ಅನೇಕರು ಭಾವಿಸಿದ್ದರು. ಫಲ ಹೊರಬಂದಾಗ, ಅನೈಚ್ಛಿಕ ಚಲನೆಯ ಕಷ್ಟದಿಂದ ಪಾರಾದವರು ಅವರೇ ಎಂದಾಯಿತು. ಯಾವ ಗುಂಪಿಗೆ ಸೇರಿದುದು ಅದೃಷ್ಟ, ಯಾವುದಕ್ಕೆ ಸೇರಿದುದು ದುರದೃಷ್ಟ ಎಂಬುದು ಪರೀಕ್ಷೆಗೆ ಮೊದಲು ಯಾರಿಗೂ ತಿಳಿಯದು. ತಿಳಿದಿದ್ದರೆ ಪರೀಕ್ಷೆಯೇ ಬೇಕಾಗಿರಲಿಲ್ಲ.

ಆದರೆ ಈ ತತ್ತ್ವದಿಂದ ಎಲ್ಲವೂ ತೀರ್ಮಾನವಾಗದು. ಕೋಶಗಳನ್ನು ಪಡೆಯುವುದು, ಪಡೆಯದಿರುವುದು, ಇವೆರಡರ ನಡುವೆ ಸಂಶಯವಿರಬಹುದು. ತಲೆಯಲ್ಲಿ ರಂಧ್ರವನ್ನು ಕೊರೆಸಿಕೊಂಡು ಕೋಶಗಳನ್ನು ಪಡೆಯದಿರುವುದು ಮತ್ತು ಕೊರೆಸಿಕೊಳ್ಳದೆ ಸುಮ್ಮನಿರುವುದು, ಇವೆರಡರ ನಡುವೆ ಸಂಶಯವೇನಿದೆ? ಎರಡನೆಯದೇ ರೋಗಿಗೆ ಕ್ಷೇಮ. ಆದಕಾರಣ ಹುಸಿ ಶಸ್ತ್ರಕ್ರಿಯೆಯ ಗಾಯವನ್ನು ‘ಚಿಕಿತ್ಸೆಯ ಒಂದು ಬಗೆ’ ಎಂದು ಸಮರ್ಥಿಸಲಾಗದು. ಅದು ಪರರಿಗಾಗಿ ಒಬ್ಬರು ಹೊತ್ತುಕೊಳ್ಳುವ ಭಾರ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂದು ಕಾಂಟನು ಹೇಳಿದನಷ್ಟೆ. ಈ ಭಾರವನ್ನು ಹೊತ್ತವರು ಕೇವಲ ಸಾಧನವಾಗದೆ ಉಳಿಯುವುದು, ಅವರು ಅದನ್ನು ಭಾರವೆಂದು ತಿಳಿದೇ ಹೊತ್ತಾಗ, ಮತ್ತು ಅದು ಅನಿವಾರ್ಯವಾಗಿದ್ದಾಗ ಮಾತ್ರ. ಹೆಲ್ಸಿಂಕಿಯ ಘೋಷಣೆಯೂ ಈ ದಾರಿಯಲ್ಲಿಯೇ ನಡೆದಿದೆ. ಸಿದ್ಧಪಟ್ಟ ಚಿಕಿತ್ಸೆ ಇಲ್ಲದಿದ್ದಾಗ, ಅಥವಾ ಇದ್ದರೂ ಪ್ರಬಲವಾದ ವೈಜ್ಞಾನಿಕ ಕಾರಣಗಳಿದ್ದಾಗ ಹುಸಿಮದ್ದನ್ನು ಬಳಸಲು ಅದು ಸಮ್ಮತಿಸುತ್ತದೆ. ಆದರೆ ಎರಡನೆಯ ಸಂದರ್ಭದಲ್ಲಿ, ಸಿದ್ಧಪಟ್ಟ ಚಿಕಿತ್ಸೆಯನ್ನು ಪಡೆಯದ ಕಾರಣದಿಂದ ರೋಗಿಗೆ ಗಂಭೀರವಾದ ಅಥವಾ ಸರಿಪಡಿಸಲಾಗದ ಹಾನಿ ಒದಗುವಂತಿರಬಾರದೆಂದು ಕಟ್ಟುಮಾಡುತ್ತದೆ.

೬

ಇಲ್ಲಿಂದ ನಮ್ಮ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇವೆ. ‘ಹುಸಿ ಶಸ್ತ್ರಕ್ರಿಯೆ ಸರಿಯೋ ತಪ್ಪೋ’ ಎಂದು ಒಟ್ಟಾಗಿ ಕೇಳುವುದರಿಂದ ವಾದ ಮುಗಿಯುವಂತಿಲ್ಲ. ಕೋಶಚಿಕಿತ್ಸೆ ಎಂಬುದು ಒಂದೇ ಕ್ರಿಯೆಯಲ್ಲ. ಹಲವು ಹೆಜ್ಜೆಗಳ ಸರಣಿ. ಕೋಶಗಳನ್ನು ಎಲ್ಲಿಂದಲೋ ತೆಗೆಯಬೇಕು, ಹದಗೊಳಿಸಬೇಕು, ಅಂಗಕ್ಕೆ ಸೇರಿಸಬೇಕು, ತಿರಸ್ಕಾರವನ್ನು ತಡೆಯಬೇಕು. ನಿಯಂತ್ರಣ ಗುಂಪಿನವರಲ್ಲಿ ಇವುಗಳಲ್ಲಿ ಯಾವ ಯಾವ ಹೆಜ್ಜೆಯನ್ನು ಅನುಕರಿಸಬೇಕು, ಯಾವುದನ್ನು ಬಿಡಬಹುದು ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ಕೇಳಬೇಕು. ಅನುಕರಣೆಯ ಪ್ರತಿಯೊಂದು ಹೆಜ್ಜೆಯೂ ತನ್ನ ಸಮರ್ಥನೆಯನ್ನು ತಾನೇ ಸಂಪಾದಿಸಿಕೊಳ್ಳಬೇಕು.

ಹೃದಯಾಘಾತದ ಬಳಿಕ ರೋಗಿಯ ಸ್ವಂತ ಮಜ್ಜೆಯ ಕೋಶಗಳನ್ನು ಹೃದಯದ ರಕ್ತನಾಳಕ್ಕೆ ಹರಿಸುವ ಪರೀಕ್ಷೆಗಳಿಂದ ಈ ಮಾತು ವಿಶದವಾಗುತ್ತದೆ. ಜರ್ಮನಿಯ ಹ್ಯಾನೋವರಿನಲ್ಲಿ ೬೦ ಮಂದಿಯ ಮೇಲೆ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಯಂತ್ರಣ ಗುಂಪಿನವರ ಮಜ್ಜೆಯನ್ನು ತೆಗೆಯಲಿಲ್ಲ, ಹುಸಿ ದ್ರವವನ್ನೂ ಹರಿಸಲಿಲ್ಲ. ಆರು ತಿಂಗಳಿಗೆ ಕೋಶಗಳನ್ನು ಪಡೆದವರ ಹೃದಯದ ರಕ್ತ ಹೊರದೂಡುವ ಶಕ್ತಿ ಶೇಕಡ ೬.೭ ಅಂಶ ಏರಿತು, ಉಳಿದವರದು ೦.೭ ಅಂಶ ಮಾತ್ರ. ಹದಿನೆಂಟು ತಿಂಗಳಿಗೆ ಈ ಅಂತರ ಗಣನೆಗೆ ಬಾರದಷ್ಟು ಕುಗ್ಗಿತು. ೨೦೦೬ರಲ್ಲಿ ಪ್ರಕಟವಾದ, ೨೦೪ ಮಂದಿಯನ್ನೊಳಗೊಂಡ ಮತ್ತೊಂದು ಜರ್ಮನ್ ಪರೀಕ್ಷೆಯಲ್ಲಿ ಎಲ್ಲರ ಮಜ್ಜೆಯನ್ನೂ ತೆಗೆದು, ಅರ್ಧದಷ್ಟು ಮಂದಿಗೆ ಕೋಶಗಳಿಲ್ಲದ ದ್ರವವನ್ನು ಹರಿಸಿದರು. ಅಲ್ಲಿ ಏರಿಕೆ ಕ್ರಮವಾಗಿ ೫.೫ ಮತ್ತು ೩.೦. ಪರೀಕ್ಷೆಗಳು ಬೇರೆಬೇರೆಯಾದುದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಕೇಳಬೇಕಾದ ಪ್ರಶ್ನೆಯೊಂದಿದೆ. ಅಳೆಯತಕ್ಕದ್ದು ರೋಗಿಯ ಮಾತಲ್ಲ, ಯಂತ್ರದ ಚಿತ್ರ. ಆ ಚಿತ್ರವನ್ನು ಓದುವವನಿಗೆ ಗುಂಪು ತಿಳಿಯದಂತೆ ಮಾಡಿದರೆ ಸಾಲದೆ? ಬದಲಾಗದ ಫಲಕ್ಕಾಗಿ ನೂರು ಮಂದಿಯ ಸೊಂಟದ ಮೂಳೆಗೆ ಸೂಜಿಯನ್ನು ಇಳಿಸುವುದು ಅಗತ್ಯವೆ?

ನಮ್ಮ ದೇಶದಲ್ಲಿಯೇ ನಡೆದ ಪರೀಕ್ಷೆಯೊಂದು ಇದಕ್ಕೆ ಉತ್ತರವನ್ನು ಸೂಚಿಸುತ್ತದೆ. ಪಾರ್ಶ್ವವಾಯು ಬಡಿದವರಿಗೆ ಅವರ ಮಜ್ಜೆಯ ಕೋಶಗಳನ್ನೇ ರಕ್ತನಾಳದ ಮೂಲಕ ಕೊಟ್ಟು ನೋಡಿದ, ೧೨೦ ಮಂದಿಯನ್ನೊಳಗೊಂಡ ಬಹುಕೇಂದ್ರ ಪರೀಕ್ಷೆ ೨೦೧೪ರಲ್ಲಿ ಪ್ರಕಟವಾಯಿತು. ಅಲ್ಲಿ ಹುಸಿಕ್ರಿಯೆಯನ್ನು ಮಾಡಲಿಲ್ಲ. ಆರು ತಿಂಗಳ ಬಳಿಕ ಸ್ಥಿತಿಯನ್ನು ಅಳೆದವರಿಗೆ ಮಾತ್ರ ಗುಂಪು ತಿಳಿಯದಂತೆ ನೋಡಿಕೊಂಡರು. ಕೋಶಗಳಿಂದ ಅಪಾಯವಾಗಲಿಲ್ಲ, ಪ್ರಯೋಜನವೂ ಆಗಲಿಲ್ಲ ಎಂಬುದು ಅದರ ನಿರ್ಣಯ. ನಿರೀಕ್ಷೆಯ ಬಲವು ಕೋಶಗಳ ಕಡೆಗೇ ಇದ್ದರೂ ಫಲ ಕಾಣಲಿಲ್ಲವಾದುದರಿಂದ ಈ ನಿರ್ಣಯಕ್ಕೆ ಹುಸಿಕ್ರಿಯೆಯ ಅವಶ್ಯಕತೆ ಇರಲಿಲ್ಲ. ಪ್ರಯೋಜನ ಕಂಡಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ ಅದು ಕೋಶಗಳದೋ ನಿರೀಕ್ಷೆಯದೋ ಎಂಬ ಪ್ರಶ್ನೆ ಏಳುತ್ತಿತ್ತು. ಇದರಿಂದ ಒಂದು ಕ್ರಮವನ್ನು ಊಹಿಸಬಹುದು. ಮೊದಲು ಹುಸಿಕ್ರಿಯೆಯಿಲ್ಲದ, ಆದರೆ ಅಳೆಯುವವರಿಗೆ ಗುಂಪು ತಿಳಿಯದ ಪರೀಕ್ಷೆ; ಅದರಲ್ಲಿ ತೇರ್ಗಡೆಯಾದ ಚಿಕಿತ್ಸೆಗೆ ಮಾತ್ರ ಹುಸಿಕ್ರಿಯೆಯ ಕಠಿಣವಾದ ಪರೀಕ್ಷೆ.

ಅನುಕರಣೆಯ ಭಾರವನ್ನು ವಿಜ್ಞಾನವೇ ಇಳಿಸಿಕೊಡುವುದೂ ಉಂಟು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ಕಾಲಿನ ರಕ್ತನಾಳಗಳು ಮುಚ್ಚಿಹೋಗಿ ಕಾಲನ್ನೇ ಕಳೆದುಕೊಳ್ಳುವ ಭಯವಿದ್ದ ೨೦ ಮಂದಿಯ ಮೇಲೆ ನಡೆಸಿದ ಪರೀಕ್ಷೆ ೨೦೧೩ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಳಸಿದ ಕೋಶಗಳು ರೋಗಿಯವಲ್ಲ, ದಾನಿಗಳ ಮಜ್ಜೆಯಿಂದ ಬೆಳೆಸಿದವು. ಆದುದರಿಂದ ನಿಯಂತ್ರಣ ಗುಂಪಿನವರ ಮೂಳೆಯನ್ನು ಚುಚ್ಚುವ ಪ್ರಶ್ನೆಯೇ ಏಳಲಿಲ್ಲ. ಅವರಿಗೆ ಮೀನಖಂಡಕ್ಕೆ ಕೋಶಗಳಿಲ್ಲದ ದ್ರವದ ಸೂಜಿಮದ್ದು ಮಾತ್ರ ಸಾಕಾಯಿತು. ಇನ್ನು ಮೆದುಳಿನ ವಿಷಯದಲ್ಲಿ, ರಂಧ್ರವನ್ನು ಪೂರ್ತಿಯಾಗಿ ಕೊರೆಯದೆ ಮೂಳೆಯ ಒಳಪದರವನ್ನು ಉಳಿಸಿಬಿಡುವುದರಿಂದ ಗಾಯದ ಅಪಾಯವನ್ನು ಕುಗ್ಗಿಸಬಹುದೆಂಬುದನ್ನು ೨೦೦೩ರ ಪರೀಕ್ಷೆಯೇ ತೋರಿಸಿತ್ತು.

೭

ಕಾಲದ ಪ್ರಶ್ನೆಯನ್ನೂ ಗಮನಿಸಬೇಕು. ನೆಟ್ಟ ನರಕೋಶಗಳು ಬೇರೂರಿ ಕೆಲಸಕ್ಕೆ ತೊಡಗಲು ಎರಡು ಮೂರು ವರ್ಷಗಳೇ ಬೇಕಾಗಬಹುದು. ಒಂದು ವರ್ಷಕ್ಕೇ ತೀರ್ಪು ಕೊಟ್ಟುದು ಆತುರವಾಯಿತೆಂದು ೨೦೦೧ರ ಪರೀಕ್ಷೆಯನ್ನು ಟೀಕಿಸಿದವರಿದ್ದಾರೆ. ಆದರೆ ದಿನೇ ದಿನೇ ಕುಗ್ಗುತ್ತಿರುವ ರೋಗಿಯನ್ನು ಹುಸಿಕ್ರಿಯೆಯ ಗುಂಪಿನಲ್ಲಿ ಮೂರು ವರ್ಷ ಕಾಯಿಸುವುದು ಸುಲಭದ ಮಾತೆ? ಅವರಿಗೆ ವರ್ಷವೆಂಬುದು ನಮಗಿರುವಷ್ಟು ಅಗ್ಗವಲ್ಲ. ೨೦೨೫ರಲ್ಲಿ, ಭ್ರೂಣದ ಕೋಶಗಳ ಬದಲು ಕಾಂಡಕೋಶಗಳಿಂದಲೇ ಬೆಳೆಸಿದ ನರಕೋಶಗಳನ್ನು ಪಾರ್ಕಿನ್ಸನ್ ರೋಗಿಗಳಿಗೆ ಸೇರಿಸಿದ ಎರಡು ಪರೀಕ್ಷೆಗಳ ಫಲ ಪ್ರಕಟವಾಯಿತು. ಉತ್ತರ ಅಮೆರಿಕದಲ್ಲಿ ೧೨ ಮಂದಿ, ಜಪಾನಿನ ಕ್ಯೋಟೊದಲ್ಲಿ ೭ ಮಂದಿ ಅವುಗಳಲ್ಲಿ ಸೇರಿದ್ದರು. ಕೋಶಗಳು ಬದುಕಿ ಉಳಿದವು, ಗಂಭೀರವಾದ ಅಪಾಯ ಕಾಣಲಿಲ್ಲ. ಎರಡೂ ನಿಯಂತ್ರಣ ಗುಂಪಿಲ್ಲದವು. ಅಮೆರಿಕದ ಪ್ರಯತ್ನದ ಮುಂದಿನ ಹಂತವು ಹುಸಿ ಶಸ್ತ್ರಕ್ರಿಯೆಯೊಡನೆ ಹೋಲಿಸುವ ಪರೀಕ್ಷೆಯಾಗಿ ರೂಪುಗೊಂಡಿದೆ. ಹಳೆಯ ಪ್ರಶ್ನೆಯು ಹೀಗೆ ಮತ್ತೆ ಜೀವಂತವಾಗಿ ನಮ್ಮೆದುರು ನಿಂತಿದೆ.

೮

ಭಾರತದ ಸ್ಥಿತಿಯ ಬಗೆಗೆ ಎರಡು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ ೨೦೧೭ರಲ್ಲಿ ಹೊರಡಿಸಿದ ಮಾರ್ಗದರ್ಶಿ ಸೂತ್ರಗಳ ಪ್ರಕಾರ, ರಕ್ತ ಮೊದಲಾದವುಗಳ ರೋಗಗಳಿಗೆ ಅಂಗೀಕೃತವಾಗಿರುವ ಮಜ್ಜೆಯ ಕಸಿಯನ್ನು ಬಿಟ್ಟರೆ ಉಳಿದ ಕಾಂಡಕೋಶ ಪ್ರಯೋಗಗಳೆಲ್ಲವೂ ಸಂಶೋಧನೆಯೇ. ಅನುಮತಿ ಪಡೆದ ಪರೀಕ್ಷೆಯ ಹೊರಗೆ ಅವು ನಡೆಯಕೂಡದು. ಆದರೂ ಹಣ ಪಡೆದು ಇಂಥ ಚಿಕಿತ್ಸೆಯನ್ನು ಮಾರುವವರು ನಮ್ಮಲ್ಲಿಯೂ ಇದ್ದಾರೆ, ಬೇರೆ ದೇಶಗಳಲ್ಲಿಯೂ ಇದ್ದಾರೆ. ಅಮೆರಿಕದ ಫ್ಲಾರಿಡದಲ್ಲಿ ಹೀಗೆ ಹಣ ಕೊಟ್ಟು ಕಣ್ಣಿಗೆ ಕೋಶಗಳನ್ನು ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿಯನ್ನು ಕಳೆದುಕೊಂಡ ವಿಷಯ ೨೦೧೭ರಲ್ಲಿ ವರದಿಯಾಯಿತು. ನಿಯಂತ್ರಣ ಗುಂಪಿನ ರೋಗಿಗಳ ಬಗೆಗೆ ಮರುಗುವ ನಾವು ಇವರನ್ನು ಮರೆಯಲಾಗದು. ನಿಯಂತ್ರಣ ಗುಂಪಿಲ್ಲದ ಕಡೆ ಅಪಾಯವು ಇಲ್ಲವಾಗುವುದಿಲ್ಲ. ಅದು ಎಲ್ಲರ ಮೇಲೂ ಲೆಕ್ಕವಿಲ್ಲದೆ ಹರಡಿಕೊಳ್ಳುತ್ತದೆ.

ಒಪ್ಪಿಗೆಯ ವಿಷಯದಲ್ಲಿ ನಮ್ಮ ಹೊಣೆ ವಿಶೇಷವಾದುದು. ಪರೀಕ್ಷೆಗೆ ಸೇರಿದವರು ಅದನ್ನು ತಮ್ಮ ಹಿತಕ್ಕಾಗಿ ಏರ್ಪಟ್ಟ ಚಿಕಿತ್ಸೆಯೆಂದೇ ಭ್ರಮಿಸುವರೆಂಬುದನ್ನು ಪಾಲ್ ಅಪ್ಪೆಲ್‌ಬಾಮ್ ಮತ್ತು ಸಂಗಡಿಗರು ೧೯೮೨ರಲ್ಲಿಯೇ ಎತ್ತಿ ತೋರಿಸಿದರು. ‘ನೀವು ಹೇಳಿದ ಹಾಗೆ ಆಗಲಿ ಡಾಕ್ಟರೆ’ ಎಂದು ವೈದ್ಯರಿಗೆ ಎಲ್ಲವನ್ನೂ ಒಪ್ಪಿಸಿಬಿಡುವ ನಮ್ಮ ಜನರಲ್ಲಿ ಈ ಭ್ರಮೆ ಇನ್ನೂ ಸುಲಭ. ಒಪ್ಪಿಗೆಯ ಪತ್ರವು ಕನ್ನಡದಲ್ಲಿದ್ದರೆ ಸಾಲದು. ಅದರ ಕನ್ನಡವು ರೋಗಿಗೆ ತಿಳಿಯುವಂತಿರಬೇಕು. ‘ಪ್ಲಸೀಬೊ ನಿಯಂತ್ರಿತ’ ಎಂದು ಅಚ್ಚು ಮಾಡಿದರೆ ಅಕ್ಷರ ಮಾತ್ರ ಕನ್ನಡ. ‘ನಿಮ್ಮಲ್ಲಿ ಅರ್ಧದಷ್ಟು ಜನಕ್ಕೆ ಕೋಶಗಳನ್ನು ಹಾಕುವುದಿಲ್ಲ; ಹಾಕಿದ ಹಾಗೆ ಮಾತ್ರ ಮಾಡುತ್ತೇವೆ; ಆ ಗಾಯದಿಂದ ನಿಮಗೆ ಲಾಭವಿಲ್ಲ, ತೊಂದರೆ ಆಗಬಹುದು; ಬೇಡವೆಂದರೆ ನಿಮ್ಮ ಮಾಮೂಲು ಚಿಕಿತ್ಸೆ ನಿಲ್ಲುವುದಿಲ್ಲ’ ಎಂದು ಬರೆದರೆ ಅದು ಒಪ್ಪಿಗೆಯ ಭಾಷೆ. ೨೦೦೨ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೊಣಕಾಲಿನ ಶಸ್ತ್ರಕ್ರಿಯೆಯ ಬಗೆಗೆ ೧೮೦ ಮಂದಿಯ ಮೇಲೆ ನಡೆದ ಇಂಥದೇ ಪರೀಕ್ಷೆಯ ವರದಿ ಪ್ರಕಟವಾಯಿತು. ತನಗೆ ಹುಸಿ ಶಸ್ತ್ರಕ್ರಿಯೆ ಮಾತ್ರ ಆಗಬಹುದು, ಅದರಿಂದ ಕೀಲಿಗೆ ಗುಣವಾಗದು ಎಂದು ಪ್ರತಿಯೊಬ್ಬ ರೋಗಿಯೂ ಸ್ವಹಸ್ತದಿಂದ ಬರೆಯಬೇಕಾಗಿದ್ದಿತು. ಅರ್ಹರಾಗಿದ್ದ ೩೨೪ ಮಂದಿಯಲ್ಲಿ ೧೪೪ ಮಂದಿ ಸೇರಲೊಲ್ಲೆವೆಂದರು. ಬೇಡವೆನ್ನುವವರು ಇಷ್ಟು ಮಂದಿ ಇದ್ದರೆಂಬುದೇ ಬೇಕೆಂದವರ ಒಪ್ಪಿಗೆ ನಿಜವಾಗಿತ್ತೆಂಬುದಕ್ಕೆ ಒಂದು ಗುರುತು.

ಒಪ್ಪಿದವರಿಗೆ ಸಲ್ಲತಕ್ಕ ಋಣವೂ ಉಂಟು. ಪರೀಕ್ಷೆ ಮುಗಿದಾಗ ಅವರು ಯಾವ ಗುಂಪಿನಲ್ಲಿದ್ದರೆ��ಬುದನ್ನು ತಿಳಿಸಬೇಕು. ಚಿಕಿತ್ಸೆ ಫಲಕಾರಿಯೆಂದು ಕಂಡರೆ ಅವರಿಗೆ ಅದು ದೊರೆಯುವಂತೆ ಮಾಡಬೇಕು. ಡೆನ್ವರಿನಲ್ಲಿ ಹೀಗೆ ಅವಕಾಶ ಕೊಟ್ಟಾಗ ೨೦ ಮಂದಿಯಲ್ಲಿ ೧೪ ಮಂದಿ ಕೋಶಗಳನ್ನು ಪಡೆದರು. ಆದರೆ ಫಲವು ಪೂರ್ತಿಯಾಗಿ ತಿಳಿಯುವ ಮುನ್ನವೇ ಕೊಡುವ ಅವಕಾಶವು ಉಪಕಾರವೋ ಅಪಾಯವೋ ಎಂಬುದನ್ನೂ ಅವರಿಗೆ ಹೇಳಬೇಕಾದುದು ನ್ಯಾಯ. ಪರೀಕ್ಷೆಯಿಂದ ಹಾನಿಯಾದರೆ ಪರಿಹಾರ ದೊರೆಯಬೇಕು. ಭಾರತದ ೨೦೧೯ರ ನಿಯಮಗಳು, ಲಭ್ಯವಿದ್ದ ಸಾಮಾನ್ಯ ಚಿಕಿತ್ಸೆಯನ್ನು ಪರೀಕ್ಷೆಯ ಯೋಜನೆಯಂತೆ ಕೊಡದೆ ಹುಸಿಮದ್ದನ್ನು ಬಳಸಿದುದರಿಂದ ಆದ ಹಾನಿಯನ್ನೂ ಪರಿಹಾರಕ್ಕೆ ಅರ್ಹವೆಂದು ಎಣಿಸಿವೆ. ಕೊನೆಯದಾಗಿ, ಫಲವು ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಅದನ್ನು ಪ್ರಕಟಿಸಲೇಬೇಕು. ಪ್ರಕಟವಾಗದ ಪರೀಕ್ಷೆಯಲ್ಲಿ ಆದ ಗಾಯಕ್ಕೆ ಯಾವ ಸಮರ್ಥನೆಯೂ ಉಳಿಯದು.

೯

ಇದುವರೆಗಿನ ವಿವೇಚನೆಯಿಂದ ನಾವು ತಲಪಿದ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳಬಹುದು. ರೋಗದ ಲಕ್ಷಣವು ನಿರೀಕ್ಷೆಯಿಂದ ಬದಲಾಗುವಂಥದಾಗಿದ್ದು, ಸಿದ್ಧಪಟ್ಟ ಬೇರೆ ಚಿಕಿತ್ಸೆಯನ್ನು ರೋಗಿಯಿಂದ ಕಸಿದುಕೊಳ್ಳದೆ, ಬೇರೆ ಸುಲಭವಾದ ಮಾರ್ಗದಿಂದ ಸತ್ಯವು ತಿಳಿಯದೆ, ಗಾಯವನ್ನು ಸಾಧ್ಯವಾದಷ್ಟು ಕುಗ್ಗಿಸಿ, ರೋಗಿಯು ತಿಳಿದು ಒಪ್ಪಿದಾಗ ಹುಸಿ ಶಸ್ತ್ರಕ್ರಿಯೆಯನ್ನು ಅಧರ್ಮವೆನ್ನಲಾಗದು. ಇವುಗಳಲ್ಲಿ ಒಂದು ಕೊರತೆಯಾದರೂ ಅದನ್ನು ಧರ್ಮವೆನ್ನಲಾಗದು. ಇವೆಲ್ಲವೂ ಕೂಡಿಬಂದಾಗಲೂ, ಅದು ನಿರುಪದ್ರವಿಯಾದ ಒಂದು ವೈಜ್ಞಾನಿಕ ಕೌಶಲವೆಂದು ಭಾವಿಸುವುದು ತಪ್ಪಾಗುತ್ತದೆ.

ಹೊಸ ಚಿಕಿತ್ಸೆಯಿಂದ ಗುಣ ಹೊಂದಿದವರ ಹೆಸರನ್ನು ಲೋಕ ಕೇಳುತ್ತದೆ. ಅದನ್ನು ಕಂಡುಹಿಡಿದವರ ಹೆಸರನ್ನು ಪುಸ್ತಕಗಳು ದಾಖಲಿಸುತ್ತವೆ. ಏನನ್ನೂ ಪಡೆಯದೆ ಗಾಯವನ್ನು ಮಾತ್ರ ಪಡೆದು, ನಿಜವನ್ನು ಹುಸಿಯಿಂದ ಬೇರ್ಪಡಿಸಿಕೊಟ್ಟವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಪರೀಕ್ಷೆಯನ್ನು ಯೋಜಿಸುವವರೂ, ಅದಕ್ಕೆ ಅನುಮತಿ ಕೊಡುವ ನೀತಿಸಮಿತಿಗಳೂ ಮೊದಲು ನೆನೆಯಬೇಕಾದುದು ಅವರನ್ನು.